ಕರಿ ಕೋಟಿನೊಳಗಿನ ಹಲ್ಲುನೋವಿನ ಹುಲಿ

ಕಳೆದ ತಿಂಗಳು ಗೋಕಾಕದ ಬಾರ್ ರೂಮಿನಲ್ಲಿ ನಮ್ಮ ಸೀನಿಯರ್ ವಕೀಲರಿಗೆ ಶಾಲು ಹೊದಿಸಿ ಬೀಳ್ಕೊಟ್ಟೆವು. ಮೊಣಕಾಲು ಮಾತು ಕೇಳುತ್ತಿಲ್ಲ, ಕೋರ್ಟಿನ ಮೆಟ್ಟಿಲು ಇನ್ನು ಸಾಕು ಎಂದು ಅವರೇ ತೀರ್ಮಾನಿಸಿಬಿಟ್ಟಿದ್ದರು. ಒಂದಾದ ಮೇಲೊಂದು ಭಾಷಣವಾಯಿತು. ಕೊನೆಗೆ ಎದ್ದ ಹಿರಿಯ ವಕೀಲರೊಬ್ಬರು ಗಂಟಲು ಸರಿಮಾಡಿಕೊಂಡು, "ಇವರ ನಿಷ್ಠಿ ನಾವೆಲ್ಲಾ ಕಣ್ಣಾರೆ ಕಂಡೇವಿ. ಎದಿ ಮ್ಯಾಲಿನ ಲಿಂಗಾ ಮುಟ್ಟಲಾರದ ಒಂದ ದಿನಾನೂ ಇವರು ವಾದಕ್ಕ ಎದ್ದವರಲ್ಲ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮಾತ್ರ ತಲೆ ತಗ್ಗಿಸಿ, ನಗು ಹೊರಗೆ ಬಾರದಂತೆ ಕೆನ್ನೆಯನ್ನು ಒಳಗಿನಿಂದ ಕಚ್ಚಿಕೊಂಡು ಕುಳಿತಿದ್ದೆ. ಸಾಹೇಬರು ಶಾಲಿನೊಳಗಿಂದ ನನ್ನ ಕಡೆ ಒಮ್ಮೆ ನೋಡಿ, ಎದುರಿನ ತಾಟಿನಲ್ಲಿದ್ದ ಕರದಂಟಿನ ತುಂಡನ್ನು ಬಾಯಿಗೆ ಹಾಕಿಕೊಂಡರು.

ಹನ್ನೊಂದು ವರ್ಷ ಅವರ ಕೈಕೆಳಗೆ ಜೂನಿಯರ್ ಆಗಿದ್ದವಳು ನಾನು. ಅವರ ಕೈ ನಿಜಕ್ಕೂ ಮುಟ್ಟುತ್ತಿದ್ದದ್ದು ಏನನ್ನು ಎಂದು ಬಲ್ಲ ಬೆರಳೆಣಿಕೆಯ ಜನರಲ್ಲಿ ಒಬ್ಬಳು. ಸಮಾರಂಭ ಮುಗಿದು ರಿಕ್ಷಾಕ್ಕೆ ಕಾಯುತ್ತ ನಿಂತಾಗ ಕೇಳಿದೆ, "ಸಾಹೇಬ್ರ, ಈಗರೆ ಖರೆ ಸಂಗತಿ ಬರದ ಬಿಡಲೇನ್ರಿ?"

"ಬರಿಯವಾ. ಕೋಟ ಬಿಚ್ಚಿಟ್ಟೇನಲ್ಲ, ಇನ್ನ ಯಾರ ಏನ ಮಾಡತಾರ? ಹೆಸರ ಮಾತ್ರ ಹಾಕಬ್ಯಾಡ," ಎಂದರು. ಹಾಗಾಗಿ ಹೆಸರು ಹಾಕುತ್ತಿಲ್ಲ.

ಅದು ಲಿಂಗವಲ್ಲ, ತಗಡಿನ ಬಿಲ್ಲೆ. ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು. ಹಿಂದೆ ಪಿನ್ನು, ಮುಂದೆ ಕಾರ್ಟೂನ್ ಚಿತ್ರ. ಒಂದು ಕಾಲದಲ್ಲಿ ಮಕ್ಕಳು ಅಂಗಿಗೆ ಚುಚ್ಚಿಕೊಂಡು ಊರೆಲ್ಲ ಮೆರೆಯುತ್ತಿದ್ದಂಥ ಮಾಲು. ಕೋರ್ಟಿನಲ್ಲಿ ಕರಿ ಕೋಟು, ಕೊರಳಿಗೆ ಬಿಳಿ ಪಟ್ಟಿ ಬಿಟ್ಟರೆ ಬೇರೆ ಸಿಂಗಾರಕ್ಕೆ ಜಾಗವಿಲ್ಲವಲ್ಲ. ಅದಕ್ಕೇ ಸಾಹೇಬರು ಕೋಟಿನ ಎಡಭಾಗದ ಎದೆಯ ಮಡಿಕೆಯನ್ನು ಹೊರಳಿಸಿ, ಅದರ ಒಳಮೈಗೆ ದಿನಕ್ಕೊಂದು ಬಿಲ್ಲೆ ಚುಚ್ಚುತ್ತಿದ್ದರು. ಮಡಿಕೆಯನ್ನು ಮತ್ತೆ ಮಗುಚಿದರೆ ಮುಗಿಯಿತು, ಹೊರಗಿನಿಂದ ಅಪ್ಪಟ ವಕೀಲರು. ವಾದಕ್ಕೆ ಏಳುವ ಮುಂಚೆ ಹೆಬ್ಬೆರಳನ್ನು ಮಡಿಕೆಯ ಕೆಳಗೆ ತೂರಿಸಿ ಅದನ್ನೊಮ್ಮೆ ಸವರುತ್ತಿದ್ದರು. ನಮ್ಮ ಕಡೆಯ ಜನ ಎದೆಯ ಮೇಲೆ ಕೈ ಹೋದರೆ ಬೇರೆ ಏನೆಂದು ತಿಳಿಯಬೇಕು? ಲಿಂಗ ಮುಟ್ಟಿ ನೆನೆಯುತ್ತಿದ್ದಾರೆ ಎಂದುಕೊಂಡರು. ಸಾಹೇಬರಿಗೆ ಆ ವಿಷಯ ಬಹಳ ದಿನ ಗೊತ್ತೇ ಇರಲಿಲ್ಲ.

ಬಿಲ್ಲೆಗಳು ಅವರ ಕೈಸೇರಿದ್ದು ಹುಕ್ಕೇರಿಯಲ್ಲಿ. ಅಲ್ಲಿನ ಪೇಟೆಯ ಹಳೆಯ ಸ್ಟೇಶನರಿ ಅಂಗಡಿಯವರು ಅವರ ಬಳಿ ಖಟ್ಲೆ ಕೊಟ್ಟ ಪಕ್ಷಗಾರರು. ಅಂಗಡಿ ಮುಚ್ಚುವಾಗ ಸ್ಲೇಟು ಪಾಟಿಗಳ ಹಿಂದೆ ಒಂದು ರಟ್ಟು ಸಿಕ್ಕಿತು. ಅದರ ತುಂಬ ಸಾಲಾಗಿ ಬಿಲ್ಲೆ. ಅಂಗಡಿಯವರ ಅಪ್ಪ ಯಾವುದೋ ಕಾಲದಲ್ಲಿ ಮುಂಬಯಿಯಿಂದ ತರಿಸಿದ ಮಾಲಂತೆ. ಅಚ್ಚು ಹಾಕುವಾಗ ತಗಡು ಅಲುಗಿ, ಗೆರೆ ಒಂದು ಕಡೆ, ಬಣ್ಣ ಒಂದು ಕಡೆ ಆಗಿ ಯಾರೂ ಕೊಳ್ಳದೆ ಉಳಿದಿದ್ದವು. ಸಾಹೇಬರಿಗೆ ಬೇಕಾದದ್ದೇ ಅದು. ಛತ್ರಿ ಹಿಡಿದ ಕಪ್ಪೆಯ ಹಸಿರೆಲ್ಲ ಛತ್ರಿಗೆ ಹೋಗಿ, ಕಪ್ಪೆ ಬೆಳ್ಳಗೆ ಕೂತಿತ್ತು. ಸೈಕಲ್ ಹೊಡೆಯುವ ಬೆಕ್ಕಿಗೆ ಮೂರು ಕಣ್ಣು, ಒಂದು ಗೆರೆಯದು, ಎರಡು ಬಣ್ಣದವು. ಒಂದೇ ಶಾಲನ್ನು ಎಳೆದಾಡುವ ಎರಡು ಆಡುಗಳಲ್ಲಿ ಒಂದರ ಗಡ್ಡ ಇನ್ನೊಂದರ ಮುಖಕ್ಕೆ ಬಂದಿತ್ತು. ನಿದ್ದೆಗಣ್ಣಿನ ಗೂಬೆ ಇತ್ತು. ಎಲ್ಲಕ್ಕಿಂತ ಅವರಿಗೆ ಮೆಚ್ಚು ಒಂದು ಹುಲಿ. ಪಾಪದ್ದು, ಹಲ್ಲುನೋವು ಬಂದು, ಗಲ್ಲದಿಂದ ತಲೆಯವರೆಗೆ ಚೌಕಡಿ ಬಟ್ಟೆ ಸುತ್ತಿ ನೆತ್ತಿಯ ಮೇಲೆ ಗಂಟು ಹಾಕಿಕೊಂಡಿತ್ತು. ಕಣ್ಣಿನಲ್ಲಿ ಮಾತ್ರ ಇನ್ನೂ ಕಾಡಿನ ದರ್ಬಾರು.

"ನೋಡ ವಕೀಲವ್ವ," ಎನ್ನುತ್ತಿದ್ದರು. ನನ್ನನ್ನು ಅವರು ಕರೆಯುತ್ತಿದ್ದದ್ದೇ ಹಾಗೆ. "ಇದರ ಬಣ್ಣ ಗೆರಿ ಒಳಗ ಕುಂತಿದ್ದರ ಯಾರೋ ಆವಾಗ ತಗೊಂಡ ಹೋಗಿ ಕಳೀತಿದ್ರು. ತಪ್ಪಿದ್ದಕ್ಕ ನಮಗ ಸಿಕ್ಕಾವ."

ಯಾವ ದಿನ ಯಾವ ಬಿಲ್ಲೆ ಎನ್ನುವುದಕ್ಕೆ ಒಂದು ಕ್ರಮವಿತ್ತು. ಬರೀ ವಾಯಿದೆ, ಅಂದರೆ ಮುಂದಿನ ತಾರೀಖು ಪಡೆದು ಬರುವ ದಿನ ಗೂಬೆ. ಅಣ್ಣತಮ್ಮಂದಿರ ಆಸ್ತಿ ಹಿಸ್ಸೆಯ ಖಟ್ಲೆಗೆ ಆಡುಗಳು. ಜಾಮೀನು ಕೇಳುವ ದಿನ ಕಪ್ಪೆ. ಪಾಟೀಸವಾಲು, ಅಂದರೆ ಎದುರು ಪಕ್ಷದವರನ್ನು ಕಟಕಟೆಗೆ ಹತ್ತಿಸಿ ಪ್ರಶ್ನೆ ಕೇಳುವ ದಿನ ತಪ್ಪದೆ ಹಲ್ಲುನೋವಿನ ಹುಲಿ. ಬೆಳಗ್ಗೆ ಆಫೀಸಿಗೆ ಕಾಲಿಟ್ಟೊಡನೆ ನಾನು "ಇವತ್ತ ಯಾರ್ರಿ?" ಎಂದು ಕೇಳುವುದು, ಅವರು ಬಾಗಿಲ ಕಡೆ ಒಮ್ಮೆ ನೋಡಿ ಮಡಿಕೆ ಎತ್ತಿ ತೋರಿಸುವುದು ನಮ್ಮ ದಿನದ ಮೊದಲ ಕೆಲಸ. ಸೋತು ಬಂದ ಸಂಜೆ ಕಡತ ಕಟ್ಟುತ್ತ, "ಇವತ್ತ ನಾನೇನ ಚಲೋನ ಮಾತಾಡಿದ್ನಿ. ಕಪ್ಪಿ ಸಾಥ್ ಕೊಡಲಿಲ್ಲ," ಎನ್ನುತ್ತಿದ್ದರು. ಆಮೇಲೆ ಬಶಿಯಲ್ಲಿ ಚಹಾ ಸುರುವಿಕೊಂಡು ಶಬ್ದ ಮಾಡುತ್ತ ಕುಡಿದರೆ ಆ ಸೋಲು ಅಲ್ಲಿಗೆ ಮುಗಿಯುತ್ತಿತ್ತು. ನಾನು ಮಾತ್ರ ಅದನ್ನು ವಾರಗಟ್ಟಲೆ ಕೆದಕುತ್ತಿದ್ದೆ. ನನ್ನ ಸ್ವಭಾವವೇ ಹಾಗೆ, ಏನು ಮಾಡಲಿ.

ಅವುಗಳ ಉಪಚಾರ ನೋಡಬೇಕು. ಭಾನುವಾರ ಮಧ್ಯಾಹ್ನ ಹಳೆಯ ಬನಿಯನ್ನಿನ ತುಂಡಿಗೆ ಒಂದೇ ಹನಿ ಕೊಬ್ಬರಿ ಎಣ್ಣೆ ಹಾಕಿ, ಮಗುವಿನ ಮುಖ ಒರೆಸಿದಂತೆ ಒಂದೊಂದನ್ನೇ ಒರೆಸುತ್ತಿದ್ದರು. ನಾನು ಸೇರಿದ ಹೊಸದರಲ್ಲಿ, ಸಾಹೇಬರಿಂದ ಶಾಬಾಸ್ ಗಿಟ್ಟಿಸೋಣವೆಂದು, ಜಂಗು ಹಿಡಿದಿದ್ದ ಒಂದು ಬಿಲ್ಲೆಯನ್ನು ಮನೆಗೊಯ್ದು ಹಿತ್ತಾಳೆ ಚರಿಗೆ ತಿಕ್ಕುವ ಹಾಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಅದು ಬುಟ್ಟಿ ಹೊತ್ತ ಕೋಳಿ. ಜಂಗಿನ ಜೊತೆಗೆ ಕೋಳಿಯ ಕೊಕ್ಕೂ ಹೋಯಿತು. ಅಳು ಬರುವಂತಾಗಿ, ಮರುದಿನ ಟೇಬಲ್ಲಿನ ಮೇಲಿಟ್ಟು ದೂರ ನಿಂತೆ. ಸಾಹೇಬರು ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದರು.

"ಇದು ಈಗ ಸಾಕ್ಷಿದಾರ ಆತು," ಎಂದರು. "ಎಲ್ಲಾ ನೋಡೈತಿ, ಬಾಯಿನ ಇಲ್ಲ."

ಅಂದಿನಿಂದ ಮಾತು ಬದಲಿಸುವ ಸಾಕ್ಷಿಗಳು ಬರುವ ದಿನ ಕೊಕ್ಕಿಲ್ಲದ ಆ ಕೋಳಿಯೇ ಕೋಟಿನಲ್ಲಿ. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಬೈಯದೆ ಇದ್ದದ್ದಕ್ಕೆ ಇವತ್ತಿಗೂ ಹುಣಸೆಹಣ್ಣು ಕೈಗೆತ್ತಿಕೊಂಡಾಗ ಆ ಕೋಳಿ ನೆನಪಾಗುತ್ತದೆ.

ಹುಕ್ಕೇರಿ ಕೋರ್ಟಿನ ಪಡಸಾಲೆಯಲ್ಲಿ ಒಮ್ಮೆ ಜೀವನಾಂಶದ ಖಟ್ಲೆಗೆ ಬಂದ ಹೆಣ್ಣುಮಗಳೊಬ್ಬಳ ಐದು ವರ್ಷದ ಮಗಳು, ಅಷ್ಟೊಂದು ಕರಿ ಕೋಟುಗಳನ್ನು ಒಟ್ಟಿಗೆ ಕಂಡು, ಅವ್ವನ ಸೀರೆಯೊಳಗೆ ಮುಖ ಹುದುಗಿಸಿ ಕಿರುಚುತ್ತಿತ್ತು. ಸಾಹೇಬರು, ಆಗಲೇ ನೋಯುತ್ತಿದ್ದ ಮೊಣಕಾಲು ಮಡಚಿ, ಅದರೆದುರು ಕುಕ್ಕರಗಾಲಲ್ಲಿ ಕೂತು ಮಡಿಕೆ ಎತ್ತಿದರು. ಆ ದಿನ ಸೈಕಲ್ ಬೆಕ್ಕಿನ ಪಾಳಿ. ಹುಡುಗಿ ಅಳು ನಿಲ್ಲಿಸಿ ಬೆಕ್ಕಿನ ಕಣ್ಣು ಎಣಿಸಿತು. ಆಮೇಲೆ ನನ್ನ ಕೋಟು, ಎದುರು ವಕೀಲರ ಕೋಟು, ಪಡಸಾಲೆಯಲ್ಲಿ ಹಾದುಹೋಗುವ ಎಲ್ಲರ ಕೋಟನ್ನೂ ಜಗ್ಗಿ ಒಳಗೆ ಏನಿದೆ ಎಂದು ನೋಡತೊಡಗಿತು. ಸಾಹೇಬರನ್ನು ಎಬ್ಬಿಸಿ ನಿಲ್ಲಿಸಲು ಇಬ್ಬರು ಬೇಕಾದರು.

ನನ್ನ ಮೊದಲ ಪಾಟೀಸವಾಲು ಮೂಡಲಗಿಯಲ್ಲಿ. ಹುಟ್ಟಿದೂರು, ಹಿಂದಿನ ಬೆಂಚಿನಲ್ಲಿ ನಮ್ಮ ಕಾಕಾನೂ ಬಂದು ಕುಳಿತಿದ್ದ. ನನ್ನ ನಾಲಿಗೆ ಒಣಗಿ ಅಂಗುಳಿಗೆ ಅಂಟಿತ್ತು. ಸಾಹೇಬರು ತಮ್ಮ ಕೋಟಿನಿಂದ ಹುಲಿಯನ್ನು ಬಿಚ್ಚಿ ನನ್ನ ಕೈಗಿತ್ತು, "ಹಾಕ್ಕೊ. ಬಾಯಿ ಒಣಗಿದರ ಇದನ್ನ ಮುಟ್ಟು," ಎಂದರು. ಮುಟ್ಟಿದೆ. ನೆತ್ತಿಯ ಮೇಲಿನ ಆ ಗಂಟು ಕಣ್ಣಿಗೆ ಕಟ್ಟಿ, ಕಟಕಟೆಯಲ್ಲಿ ಮೀಸೆ ಹುರಿಮಾಡಿ ನಿಂತ ಸಾಕ್ಷಿಯ ಎದುರಿಗೇ ಫಕ್ಕನೆ ನಕ್ಕುಬಿಟ್ಟೆ. ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನೋಡಿ, ಇದೇನು ನಾಟಕದ ಮನೆಯೇ ಎಂದು ಕೇಳಿದರು. ಕ್ಷಮೆ ಕೇಳಿದೆ. ಆದರೆ ಹೆದರಿಕೆ ಹೋಗಿತ್ತು. ಒಂದು ತಾಸು ಪ್ರಶ್ನೆ ಕೇಳಿದೆ.

ಇನ್ನು ನಾನು ಮಾಡಿದ ತಪ್ಪಿಗೆ ಬರುತ್ತೇನೆ.

ನಾಗನೂರಿನ ನೀಲವ್ವ ನಮ್ಮ ಪಕ್ಷಗಾರಳು. ಗಂಡ ತೀರಿಕೊಂಡ ಮೇಲೆ ಎರಡು ಎಕರೆ ಕಬ್ಬನ್ನು ಒಬ್ಬಳೇ ಸಂಭಾಳಿಸುತ್ತಿದ್ದ ಗಟ್ಟಿ ಹೆಂಗಸು. ಅವಳ ಹೊಲಕ್ಕೆ ಹೋಗಬೇಕೆಂದರೆ ಗಂಡನ ಅಣ್ಣ ಬಾಳಪ್ಪನ ಹೊಲದ ಬದುವಿನ ಮೇಲೆಯೇ ಹೋಗಬೇಕು. ಮನೆಯ ಕಾರ್ಯವೊಂದರಲ್ಲಿ ಮಾತಿಗೆ ಮಾತು ಬೆಳೆದು, ಬಾಳಪ್ಪ ಆ ದಾರಿಗೆ ಮುಳ್ಳುಕಂಟಿ ಬಡಿದುಬಿಟ್ಟ. ಮೂರು ವರ್ಷ ಭಾವ-ನಾದಿನಿ ಎಂಬ ಸಲಿಗೆ ಹೋಗಲಿ, ಎದುರಾದರೆ ಮಾತೂ ಇಲ್ಲ. ಹಿಂದಿನ ವರ್ಷ ಆಳುಗಳಿಂದ ತಲೆಯ ಮೇಲೆ ಹೊರಿಸಿ ಕಬ್ಬು ಸಾಗಿಸಿದ್ದಳು. ಅರ್ಧ ಹೊಲದಲ್ಲೇ ಒಣಗಿತ್ತು. ಆ ವರ್ಷ ಮತ್ತೆ ಕಬ್ಬು ಕಡಿಯುವ ಪಾಳಿ ಬಂದಿತ್ತು, ಎಂಟು ದಿನದಲ್ಲಿ ಕಡಿಯುವವರ ಗ್ಯಾಂಗು ಬರುವುದಿತ್ತು. ಟ್ರ್ಯಾಕ್ಟರ್ ಹೊಲಕ್ಕೆ ಬಾರದಿದ್ದರೆ ಗ್ಯಾಂಗು ಮುಂದಿನ ಹೊಲಕ್ಕೆ ಹೋಗುತ್ತದೆ. ಕೋರ್ಟಿನ ತೀರ್ಪಿಗೆ ಕಾಯುತ್ತ ಕೂತರೆ ಆ ಕಬ್ಬು ಒಲೆಗೆ ಹಾಕುವ ಸೌದೆಯಾಗುತ್ತಿತ್ತು.

ಆ ನೀಲವ್ವ ಒಂದು ದಿನ ನನ್ನನ್ನು ಬಾಜೂಕ್ಕೆ ಕರೆದು ಪಿಸುಗುಟ್ಟಿದಳು. "ಅಕ್ಕಾರ, ಸಾಹೇಬ್ರು ಮಾತಾಡಾಕ ಏಳೂ ಮುಂದ ಎದಿ ಮ್ಯಾಲ ಮುಟ್ಟಿಕೋತಾರಲ್ರಿ, ಅದು ಲಿಂಗ ಹೌದಲ್ರಿ?"

ನನಗೋ ಚೇಷ್ಟೆ. "ನೀ ತಿಳಕೊಂಡಿದ್ದ ಖರೆ ಐತಿ, ನೀಲವ್ವ," ಎಂದೆ. ಅಷ್ಟೇ ಸಾಕಾಯಿತು. ನಾಗನೂರಿಗೆ ನಾಗನೂರೇ ನಮ್ಮ ಸಾಹೇಬರು ಲಿಂಗ ಮುಟ್ಟಿದ ಮೇಲೆ ಸುಳ್ಳು ಆಡುವವರಲ್ಲ ಎಂದು ನಂಬಿತು.

ಬಾಳಪ್ಪನ ಪಾಟೀಸವಾಲಿನ ದಿನ ಬಂತು, ಗ್ಯಾಂಗು ಬರಲು ಒಂದೇ ದಿನ ಉಳಿದಿತ್ತು. ಹುಲಿಯ ಪಾಳಿ. ಅವನ ವಕೀಲರು ಸಜ್ಜನರು, ಖಟ್ಲೆ ಎಳೆದು ಲಾಭವಿಲ್ಲವೆಂದು ಬೆಳಗ್ಗೆಯೇ ರಾಜಿಯ ಮಾತು ತೆಗೆದರು. ಒಂದು ಟ್ರ್ಯಾಕ್ಟರಿನ ಅಗಲಕ್ಕೆ ಬದುವಿನ ಮೇಲೆ ದಾರಿ ಬಿಡುವುದು, ಖಟ್ಲೆ ವಾಪಸು ತೆಗೆಯುವುದು. ಎರಡೇ ಹಾಳೆಯ ರಾಜಿಪತ್ರ. ಕೋರ್ಟಿನ ಹಿಂದಿನ ಬೇವಿನ ಮರದ ಕಟ್ಟೆಯ ಮೇಲೆ ನಾವು ಐದು ಜನ ಸೇರಿದೆವು. ಎರಡೂ ಕಡೆಯ ವಕೀಲರು, ನಾನು, ಬಾಳಪ್ಪ, ಮತ್ತು ನಾಲ್ಕು ಮಾರು ದೂರದಲ್ಲಿ ತಲೆಯ ಮೇಲೆ ಸೆರಗು ಹೊದ್ದು ಆ ಕಡೆ ಮುಖ ಮಾಡಿ ನಿಂತ ನೀಲವ್ವ. ನಾನು ಪತ್ರ ಓದಿ ಹೇಳಿದೆ. ಬಾಳಪ್ಪ ಪೆನ್ನು ಹಿಡಿದವನು ಹಿಡಿದೇ ಕೂತ.

"ಹಿಂದ ಒಮ್ಮಿ ಓದಿ ಹೇಳಿದ್ದ ಒಂದು, ಬರದದ್ದ ಒಂದು ಆಗಿ ಮೋಸ ಹೋಗೇನ್ರಿ," ಎಂದ. "ದಾರಿ ಬಿಡತೇನಿ. ಆದರ ದಾರಿ ಸಂಗಾಟ ಹೊಲಾನೂ ಹೋಗತೈತೇನೋ ಅಂತ ಅಂಜಿಕಿ ನನಗ."

ಅವನ ವಕೀಲರು ಬೇಸರದಿಂದ, "ನಾ ಹೇಳಾಕತ್ತೇನಲ್ಲೋ ಮಾರಾಯಾ, ಏನೂ ಹೋಗೂದಿಲ್ಲ," ಎಂದರು.

"ನೀವು ಹೇಳಿದ್ರಿ, ಖರೆ. ಅವ್ರು ಹೇಳಲಿ." ಬಾಳಪ್ಪ ನಮ್ಮ ಸಾಹೇಬರ ಕಡೆ ತಿರುಗಿದ. "ಸಾಹೇಬ್ರ, ನೀವು ಮಾತಾಡೂ ಮುಂದ ದಿನಾ ಲಿಂಗ ಮುಟ್ಟತೀರಂತ ಊರಾಗ ಎಲ್ಲಾರೂ ಹೇಳತಾರ. ಅದನ್ನ ಮುಟ್ಟಿ ಒಂದ ಮಾತ ಹೇಳ್ರಿ. ದಾರಿ ಬಿಟ್ಟರ ನನ್ನ ಹೊಲಾ ಒಂದ ಗೇಣೂ ಹೋಗೂದಿಲ್ಲ ಅಂತ. ಈಗಿಂದೀಗ ಸಹಿ ಹಾಕತೇನಿ."

ಸಾಹೇಬರು ಬೆಪ್ಪಾದರು. ತಮ್ಮ ಬಗ್ಗೆ ಊರು ಹೀಗೆ ತಿಳಿದಿದೆ ಎಂದು ಅವರಿಗೆ ಗೊತ್ತಾದದ್ದೇ ಆ ಹೊತ್ತಿನಲ್ಲಿ. ಮೆಲ್ಲಗೆ ನನ್ನ ಕಡೆ ನೋಡಿದರು. ನನ್ನ ಮುಖವೇ ಎಲ್ಲವನ್ನೂ ಹೇಳಿರಬೇಕು. ನಾಚಿಕೆಯಿಂದ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಆದರೂ ದಾರಿ ಇತ್ತು. ಸಾಹೇಬರಿಗೆ ನಿಜವಾದ ಲಿಂಗ ಇರಲಿಲ್ಲವೆಂದಲ್ಲ. ಅಂಗಿಯೊಳಗೆ ಬೆಳ್ಳಿಯ ಕರಡಿಗೆಯಲ್ಲಿ ಇದ್ದೇ ಇತ್ತು. ಕೈಯನ್ನು ಮಡಿಕೆಯಿಂದ ನಾಲ್ಕು ಬೆರಳು ಆಚೆ ಸರಿಸಿ ಅದನ್ನು ಮುಟ್ಟಿದ್ದರೆ ಮುಗಿಯುತ್ತಿತ್ತು. ಪತ್ರದಲ್ಲಿ ಮೋಸವಿರಲಿಲ್ಲ, ಹೇಳಬೇಕಾದ ಮಾತೂ ನಿಜವೇ. ನಾನು ಕಣ್ಣಿನಲ್ಲೇ ಅದನ್ನು ಸೂಚಿಸಿದೆ. ನೀಲವ್ವ ಸೆರಗಿನ ಅಂಚಿನಿಂದ ನೋಡುತ್ತಿದ್ದಳು. ಅವಳ ವರ್ಷದ ದುಡಿಮೆ ಆ ಕೈ ಎತ್ತ ಹೋಗುತ್ತದೆ ಎನ್ನುವುದರ ಮೇಲೆ ನಿಂತಿತ್ತು.

ಸಾಹೇಬರು ಕೋಟಿನ ಮಡಿಕೆ ಹಿಡಿದು ಪೂರ್ತಿ ಹೊರಳಿಸಿದರು.

ಬಿಸಿಲಿಗೆ ಹುಲಿ ಮಿಂಚಿತು. ಚೌಕಡಿ ಬಟ್ಟೆ, ನೆತ್ತಿಯ ಗಂಟು, ಊದಿದ ಗಲ್ಲ. ಬಾಳಪ್ಪ ಮುಂದೆ ಬಾಗಿದ. ಅವನ ವಕೀಲರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಾನು ಮನಸ್ಸಿನಲ್ಲೇ ನೀಲವ್ವನ ಕಬ್ಬಿಗೆ ಎಳ್ಳುನೀರು ಬಿಟ್ಟೆ.

"ಬಾಳಪ್ಪಣ್ಣಾ," ಸಾಹೇಬರು ಹೇಳಿದರು, "ಲಿಂಗ ನನಗೂ ಐತಿ. ಅದನ್ನ ಮುಟ್ಟೂದು ಮನ್ಯಾಗ, ಪೂಜಿ ಹೊತ್ತಿನ್ಯಾಗ. ನೀವು ಕೇಳಿದ್ದು ಕೋರ್ಟಿನ್ಯಾಗ ನಾ ದಿನಾ ಮುಟ್ಟೂದನ್ನ. ಅದು ಇದು ನೋಡ್ರಿ. ಊರಾಗಿನ ಮಾತು ತಪ್ಪು."

"ಇದೇನ್ರಿ ಇದು?"

"ಹುಲಿ. ಹಲ್ಲ ನೋಯಾಕತ್ತೈತಿ."

ಬಾಳಪ್ಪ ಹುಲಿಯನ್ನು ನೋಡಿದ, ಸಾಹೇಬರನ್ನು ನೋಡಿದ, ಮತ್ತೆ ಹುಲಿಯನ್ನು ನೋಡಿದ. "ಇದನ್ಯಾಕ ಮುಟ್ಟತೀರಿ?"

ಅಷ್ಟು ವರ್ಷದಲ್ಲಿ ನಾನು ಕೇಳದೆ ಬಿಟ್ಟಿದ್ದ ಪ್ರಶ್ನೆ ಅದು. ತಮಾಷೆಗೆ ಎಂದುಕೊಂಡಿದ್ದೆ. ಸಾಹೇಬರು ಹುಲಿಯನ್ನೇ ನೋಡುತ್ತ ಹೇಳಿದರು.

"ಈ ಕರಿ ಕೋಟ ಹಾಕ್ಕೊಂಡ ನಿಂತರ ಎದುರಿಗಿದ್ದವರನ್ನ ಹರದ ತಿನ್ನಬೇಕ ಅನಸತೈತಿ ನನಗ. ಹೊಸಾ ವಕೀಲ ಇದ್ದಾಗ ಭಾಳ ಮಂದೀನ ಅಳಿಸೇನಿ. ಖರೆ ಹೇಳಾಕ ಬಂದವರನ್ನೂ ಹೆದರಿಸಿ ಸುಳ್ಳ ಮಾಡೇನಿ. ಈಗ ಏಳೂ ಮುಂದ ಇದನ್ನ ಮುಟ್ಟತೇನಿ. ನನಗೂ ಹಲ್ಲ ನೋಯತೈತಿ ಅಂತ ನೆನಪಾಗತೈತಿ. ಇವತ್ತ ನಿಮ್ಮನ್ನ ಕಟಕಟಿಗೆ ಹತ್ತಸೂದಿತ್ತಲ್ಲ, ಅದಕ್ಕ ಇದನ್ನ ಹಾಕ್ಕೊಂಡ ಬಂದೇನಿ."

ಅಷ್ಟು ಮೆಲ್ಲಗೆ ಅವರು ಮಾತನಾಡಿದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ.

ಬಾಳಪ್ಪ ಪೆನ್ನನ್ನು ಕಟ್ಟೆಯ ಮೇಲಿಟ್ಟ. ಮುಗಿಯಿತು ಎಂದುಕೊಂಡೆ. ಅವನು ತಲೆಯ ಮೇಲಿನ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಪಂಚಾಯ್ತಿಯಲ್ಲಿ ಕೂತವನ ಗತ್ತಿನಲ್ಲಿ ಹೇಳಿದ:

"ಹಂಗಾರ ಇದನ್ನ ಮುಟ್ಟೇ ಹೇಳ್ರಿ. ನೀವು ದಿನಾ ನಂಬಿ ಮುಟ್ಟೂದು ಇದನ್ನ ಅಲ್ಲೇನು? ನನಗ ಅದ ಬೇಕು."

ನಲವತ್ತು ವರ್ಷ ಮೂರು ಊರಿನ ಕೋರ್ಟುಗಳಲ್ಲಿ ಸಾವಿರಾರು ಜನರಿಂದ ಪ್ರಮಾಣ ಮಾಡಿಸಿ ಕೇಳಿದ ಮನುಷ್ಯ ಎದ್ದು ನಿಂತರು. ಹೆಬ್ಬೆರಳನ್ನು ಹುಲಿಯ ಮೇಲಿಟ್ಟರು. "ದಾರಿ ಬಿಟ್ಟರ ಬಾಳಪ್ಪನ ಹೊಲಾ ಒಂದ ಗೇಣೂ ಹೋಗೂದಿಲ್ಲ. ಈ ಹಾಳ್ಯಾಗ ಓದಿ ಹೇಳಿದ್ದ ಬಿಟ್ಟ ಬ್ಯಾರೆ ಏನೂ ಇಲ್ಲ," ಎಂದರು. ಒಬ್ಬರೂ ನಗಲಿಲ್ಲ. ಎದುರು ಪಕ್ಷದ ವಕೀಲರೂ ತಮಗೆ ತಿಳಿಯದೆ ಎದ್ದು ನಿಂತಿದ್ದರು.

ಬಾಳಪ್ಪ ಸಹಿ ಹಾಕಿದ. ಒಂದೊಂದೇ ಅಕ್ಷರ ಒತ್ತಿ ಒತ್ತಿ ಬರೆದ. ನೀಲವ್ವನನ್ನು ಕರೆದೆ. ಬಂದು ಹೆಬ್ಬೆಟ್ಟು ಒತ್ತಿದಳು. ಬೆರಳಿನ ಮಸಿಯನ್ನು ಬೇವಿನ ಎಲೆಗೆ ಒರೆಸುತ್ತ ಅಲ್ಲೇ ನಿಂತಳು, ಹೋಗಲಿಲ್ಲ. ಏನೋ ಕೇಳಬೇಕಾಗಿತ್ತು. ಮೊದಲು ನನ್ನ ಮುಖ ನೋಡಿದಳು. ಮೂರು ವರ್ಷದಿಂದ ಭಾವನಿಗೆ ಹೇಳುವ ಮಾತೆಲ್ಲ ಅವಳು ನಮ್ಮ ಮೂಲಕವೇ ಹೇಳಿಸಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ನನ್ನ ಮೊಣಕೈ ಹಿಡಿದು ಹಿಂದಕ್ಕೆ ಎಳೆದರು.

ನೀಲವ್ವ ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತ, ತಾನೇ ಕೇಳಿದಳು:

"ಭಾವಾರ, ನಾಳಿ ಟ್ರ್ಯಾಕ್ಟರ್ ತರಸಲೇನ್ರಿ?"

ಬಾಳಪ್ಪ ಟೋಪಿ ಕೊಡವಿ ತಲೆಗೆ ಇಟ್ಟುಕೊಂಡ.

"ಇವತ್ತ ತರಸು," ಎಂದ. "ಕಂಟಿ ನಾ ಹೋಗಿ ತಗೀತೇನಿ. ನಿನ್ನ ಕೈಗೆ ಮುಳ್ಳ ಚುಚ್ಚತಾವ."